ಕೆಲಸ ಬಿಡುವ ಭಾವಮೈದುನ, ಬಿಡದ ನಾನು

ಒಂದೇ ಅಂಗಡಿಯ ಒಂದೇ ಗಾದಿಯ ಮೇಲೆ ಮೂವತ್ತೊಂದು ವರ್ಷ ಕೂತವನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಏನು ನಡೆದೀತು ಎಂದು ನಿಮಗೆ ಅನ್ನಿಸಬಹುದು. ನನಗೂ ಬಹಳ ದಿನ ಹಾಗೇ ಅನ್ನಿಸಿತ್ತು. ಆದರೆ ಸುಮ್ಮನೆ ಕೂತವನ ಸುತ್ತಲೇ ದಿನಕ್ಕೊಂದು ಸಂಗತಿ ನಡೆಯುತ್ತದೆ. ಓಡಾಡುವವರಿಗೆ ಅದನ್ನು ನೋಡಲು ಪುರಸೊತ್ತು ಇರುವುದಿಲ್ಲ, ಅಷ್ಟೆ.

ನಾನಿರುವುದು ಬೈಲಹೊಂಗಲದ ಬಜಾರದ ಒಂದು ಸೀರೆ ಅಂಗಡಿಯಲ್ಲಿ. ಗಿರಾಕಿ ಬಂದರೆ ಸೀರೆ ಬಿಚ್ಚಿ ತೋರಿಸುವುದು, ಗಿರಾಕಿ ಎದ್ದು ಹೋದ ಮೇಲೆ ಮತ್ತೆ ಮಡಚಿ ಇಡುವುದು ನನ್ನ ಉದ್ಯೋಗ. ಇಪ್ಪತ್ತೆರಡನೇ ವಯಸ್ಸಿಗೆ ಸೇರಿದೆ, ಈಗ ಐವತ್ತಮೂರು. ನನ್ನ ಹೆಂಡತಿಯ ತಮ್ಮ ಇದಕ್ಕೆ ಪೂರಾ ಉಲ್ಟಾ. ನೇಸರಗಿಯವನು, ಬಿ.ಕಾಂ. ಪಾಸಾದವನು, ನಮ್ಮ ಮನೆಯಲ್ಲೇ ಇದ್ದು ಕೆಲಸಕ್ಕೆ ಹೋಗುತ್ತಿದ್ದವನು. ಕೆಲಸಕ್ಕೆ ಹೋಗುತ್ತಿದ್ದವನು ಅನ್ನುವುದಕ್ಕಿಂತ ಕೆಲಸ ಬಿಟ್ಟು ಬರುತ್ತಿದ್ದವನು ಅನ್ನುವುದೇ ಸರಿ. ಐದು ವರ್ಷದಲ್ಲಿ ಆರು ಕೆಲಸ. ಬಿಡುವವನೊಬ್ಬ, ಬಿಡದವನೊಬ್ಬ ಒಂದೇ ಮನೆಯಲ್ಲಿ ಒಂದೇ ಪಲ್ಯಕ್ಕೆ ರೊಟ್ಟಿ ಅದ್ದಿ ಉಣ್ಣತೊಡಗಿದರೆ ಏನೇನು ಆಗುತ್ತದೆ ಎಂಬುದನ್ನು ಆದ ಹಾಗೇ ಹೇಳುತ್ತೇನೆ.

೧. ಬಡ್ತಿ

ಒಂದು ಸಲ ಸಿರಸಂಗಿಯಿಂದ ಒಬ್ಬ ಅಜ್ಜಿ ಮೊಮ್ಮಗಳ ಮದುವೆ ಸೀರೆಗೆ ಬಂದಿದ್ದಳು. ಮೊಮ್ಮಗಳು ಸೀರೆ ನೋಡುತ್ತಿದ್ದರೆ ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಬಹಳ ಹೊತ್ತು ನೋಡಿ, ಹಣದ ಗಲ್ಲೆಯ ಹತ್ತಿರ ಕೂತಿದ್ದ ನಮ್ಮ ಸಾಹುಕಾರರ ಕಡೆ ತಿರುಗಿದಳು.

"ಸಾವ್ಕಾರ್ರ, ನನ್ನ ಮಗಳ ಮದಿವಿ ಸೀರಿಗೆ ಬಂದಾಗೂ ಈ ತಮ್ಮ ಇದ ಗಾದಿ ಮ್ಯಾಲ ಕುಂತಿದ್ದ. ಈಗ ಮೊಮ್ಮಗಳ ಮದಿವಿಗೆ ಬಂದ್ರೂ ಇಲ್ಲೇ ಅದಾನ. ಇವಂಗ ಮ್ಯಾಲ ಹೋಗೂದು ಅಂತ ಇಲ್ಲೇನ್ರಿ?"

ಅಂಗಡಿ ತುಂಬ ಗಿರಾಕಿಗಳಿದ್ದರು. ಎಲ್ಲರೂ ನಕ್ಕರು. ಸಾಹುಕಾರರು ಮಾತ್ರ ನಗಲಿಲ್ಲ, ಅವರಿಗೆ ಆ ಮಾತು ಚುಚ್ಚಿತು. ಮರುದಿನವೇ ನನ್ನನ್ನು ಕರೆದು, ಇಷ್ಟು ವರ್ಷ ದುಡಿದಿದ್ದೀರಿ, ನಿಮಗೆ ಬಡ್ತಿ ಕೊಡದೆ ತಪ್ಪು ಮಾಡಿದೆ ಅಂದರು. ನಾನು ಕೆಳಗಿನ ನೂಲಿನ ಸೀರೆಯ ವಿಭಾಗದಲ್ಲಿದ್ದೆ. ಇನ್ನು ಮುಂದೆ ಮಾಳಿಗೆ ಮೇಲಿನ ರೇಷ್ಮೆ ವಿಭಾಗಕ್ಕೆ ನಾನೇ ಮುಖ್ಯಸ್ಥ ಎಂದಾಯಿತು. ಮನೆಯಲ್ಲಿ ಹೆಂಡತಿ ಶಿರಾ ಮಾಡಿದಳು. ಓಣಿಯವರಿಗೂ ಹಂಚಿದಳು.

ಮೇಲೆ ಹೋದ ಮೇಲೆ ಗೊತ್ತಾಯಿತು, ಅಲ್ಲಿ ನನ್ನನ್ನು ಬಿಟ್ಟು ಬೇರೆ ಯಾರೂ ಇಲ್ಲ. ನಾನು ನನಗೇ ಮುಖ್ಯಸ್ಥ. ರೇಷ್ಮೆ ಕೊಳ್ಳುವ ವಯಸ್ಸಿನ ಹೆಂಗಸರಿಗೆಲ್ಲ ಮೊಣಕಾಲು ನೋವು. ಅವರು ಕೆಳಗೇ ಕೂತು, ಮೇಲಿನವರಿಗೆ ಸೀರೆ ತರಲು ಹೇಳಿ ಅನ್ನುತ್ತಿದ್ದರು. ನಾನು ಹೊರೆ ಹೊತ್ತು ಇಳಿಯುತ್ತಿದ್ದೆ, ಅವರು ಬೇಡ ಅಂದ ಮೇಲೆ ಹೊತ್ತು ಏರುತ್ತಿದ್ದೆ. ಮೂರು ತಿಂಗಳಲ್ಲಿ ನನ್ನ ಮೊಣಕಾಲೂ ಬಾತುಕೊಂಡಿತು. ಮೆಟ್ಟಿಲು ಹತ್ತಿದರೆ ಮುಂದೆ ನಡೆಯುವುದೇ ಕಷ್ಟ ಎಂದು ಡಾಕ್ಟರು ಹೇಳಿದರು.

ಕೊನೆಗೆ ಸಾಹುಕಾರರ ಮುಂದೆ ನಿಂತು, ನನಗೆ ಬಡ್ತಿ ಬೇಡ, ಮೊದಲಿನ ಗಾದಿಯೇ ಸಾಕು ಎಂದು ಕೇಳಿಕೊಂಡೆ. ಅವರ ಕಣ್ಣು ತುಂಬಿ ಬಂದವು. ಇದ್ದ ಗಿರಾಕಿಗಳಿಗೆಲ್ಲ ನನ್ನನ್ನು ತೋರಿಸಿ, "ನೋಡ್ರಿ, ಈಗಿನ ಕಾಲದಾಗ ಮ್ಯಾಲಿನ ಹುದ್ದಿ ಸಿಕ್ಕ ಮ್ಯಾಲ ತಾವಾಗೇ ಕೆಳಗ ಇಳದ ಬಂದವರು ಇವರೊಬ್ಬರ" ಅಂದರು. ಗಿರಾಕಿಗಳಲ್ಲಿ ಒಬ್ಬರು ತಾಲೂಕಿನ ಪುಢಾರಿ. ಅವರು ತಲೆ ತಗ್ಗಿಸಿಕೊಂಡು ಟಾವೆಲ್ಲು ನೋಡುವುದಕ್ಕೆ ಆಚೆ ಕಡೆ ಹೋದರು.

೨. ಗೋಡೆ ಗಡಿಯಾರ

ಭಾವಮೈದುನನ ಮೊದಲನೇ ಕೆಲಸ ಕಿತ್ತೂರಿನ ಒಂದು ಮೋಟಾರ್ ಸೈಕಲ್ ಶೋರೂಮಿನಲ್ಲಿ. ಹೊಸ ಗಾಡಿ ಕೊಂಡವರ ಕೈಗೆ ಕೀಲಿ ಕೊಟ್ಟು, ಅವರ ಮನೆಯವರ ಜೊತೆ ನಗುತ್ತಾ ಫೋಟೋಕ್ಕೆ ನಿಲ್ಲುವುದು. ಹತ್ತು ತಿಂಗಳಾದ ಮೇಲೆ ಒಂದು ಸಂಜೆ ಕಂಕುಳಲ್ಲಿ ಚೌಕಾದ ಡಬ್ಬಿಯೊಂದನ್ನು ಹಿಡಿದು ಮನೆಗೆ ಬಂದ. ಕೆಲಸ ಬಿಟ್ಟೆ ಅಂದ. ಯಾಕೆ ಅಂದೆ.

"ಅಲ್ಲಿ ಗ್ರೋಥ್ ಇಲ್ಲ ಮಾಮಾ."

ಗ್ರೋಥ್ ಅಂದರೆ ಏನೆಂದು ಕೇಳಿದೆ. ಅವನು ಸಮಾಧಾನದಿಂದ ತಿಳಿಸಿ ಹೇಳಿದ. ಅವನು ಫೋಟೋದಲ್ಲಿ ಬದಿಗೆ ನಿಲ್ಲುತ್ತಾನಂತೆ. ಹತ್ತು ವರ್ಷದಿಂದ ಅಲ್ಲೇ ಇರುವ ಹಿರಿಯನೊಬ್ಬ ಇದ್ದಾನಂತೆ. ಅವನು ಮುಂದೆ ಎಲ್ಲಿ ತನಕ ಹೋಗಿದ್ದಾನೆ ಎಂದು ನೋಡಿದರೆ, ಅವನೂ ಫೋಟೋಕ್ಕೇ ನಿಲ್ಲುತ್ತಾನೆ, ನಟ್ಟ ನಡುವೆ ನಿಲ್ಲುತ್ತಾನೆ, ಅಷ್ಟೆ. ಬದಿಯಿಂದ ನಡುವಿಗೆ ಬರಲು ಹತ್ತು ವರ್ಷ ಯಾಕೆ ಕಳೆಯಬೇಕು ಅಂದ.

ಡಬ್ಬಿಯಲ್ಲಿದ್ದದ್ದು ಗೋಡೆ ಗಡಿಯಾರ. ಶೋರೂಮಿನವರು ಬೀಳ್ಕೊಡುಗೆ ಮಾಡಿ, ಭಾಷಣ ಮಾಡಿ, ಕೊಟ್ಟಿದ್ದರು. ಆಮೇಲೆ ಸವದತ್ತಿಯ ಒಂದು ಲಾಡ್ಜಿನಲ್ಲಿ ಸೇರಿದ. ಎಂಟು ತಿಂಗಳಿಗೆ ಗಡಿಯಾರ ಬಂತು. ರಾಮದುರ್ಗದ ನೂಲಿನ ಗೋದಾಮು ಸೇರಿದ. ಹನ್ನೊಂದು ತಿಂಗಳಿಗೆ ಗಡಿಯಾರ ಬಂತು. ನಮ್ಮೂರಿನದೇ ಒಂದು ಸಾಲೆಯ ಆಫೀಸು ಸೇರಿದ. ಅಲ್ಲಿಯೂ ವರ್ಷ ತುಂಬುವ ಮುಂಚೆ ಗಡಿಯಾರ ಬಂತು. ಮೂವತ್ತೊಂದು ವರ್ಷದಲ್ಲಿ ನನಗೆ ಒಂದು ಗಡಿಯಾರವೂ ಬಂದಿಲ್ಲ. ಬಿಟ್ಟರಲ್ಲವೇ ಕೊಡುವುದು.

ನಮ್ಮದು ಪಡಸಾಲೆ, ಅಡುಗೆ ಮನೆ, ಒಂದು ಕೋಣೆ. ತಮ್ಮನಿಗೆ ಮರ್ಯಾದೆಯಿಂದ ಕೊಟ್ಟದ್ದನ್ನು ಕಪಾಟಿನಲ್ಲಿ ಇಡುವುದು ಬೇಡವೆಂದು ಹೆಂಡತಿ ನಾಲ್ಕಕ್ಕೂ ಸೆಲ್ಲು ಹಾಕಿ ನಾಲ್ಕು ಗೋಡೆಗೆ ತೂಗು ಹಾಕಿದಳು. ಒಂದೊಂದಕ್ಕೂ ಅದು ಬಂದ ಜಾಗದ ಸ್ವಭಾವವೇ ಇತ್ತು. ಶೋರೂಮಿನದು ಯಾವಾಗಲೂ ಮುಂದೆ ಓಡುತ್ತಿತ್ತು. ಲಾಡ್ಜಿನದು ಎದ್ದೇಳಲು ಮನಸ್ಸಿಲ್ಲದವರ ಹಾಗೆ ಹಿಂದೆ ಬೀಳುತ್ತಿತ್ತು. ಸಾಲೆಯದು ಮಧ್ಯಾಹ್ನ ಊಟದ ಹೊತ್ತಿಗೆ ನಿಂತುಬಿಡುತ್ತಿತ್ತು.

ಒಂದು ದಿನ ನಾನು ಲಾಡ್ಜಿನ ಗಡಿಯಾರ ನೋಡಿ ನಿಧಾನವಾಗಿ ಸ್ನಾನ ಮಾಡಿ, ಉಪ್ಪಿಟ್ಟು ತಿಂದು, ಅಂಗಡಿಗೆ ಹೊರಟೆ. ಬಜಾರದ ಮೂಲೆ ತಿರುಗಿದಾಗ ನಮ್ಮ ಅಂಗಡಿಯ ಬಾಗಿಲು ಅರ್ಧ ಹಾಕಿತ್ತು. ನೌಕರರೆಲ್ಲ ಹೊರಗೆ ಕೈಕಟ್ಟಿ ನಿಂತಿದ್ದರು. ಯಾರೋ ಹೋಗಿರಬೇಕು ಎಂದು ನಾನೂ ಚಪ್ಪಲಿ ಸಪ್ಪಳ ಮಾಡದೆ ಹತ್ತಿರ ಹೋದೆ. ಹೋಗಿದ್ದವನು ನಾನೇ. ಇಷ್ಟು ವರ್ಷದಲ್ಲಿ ಒಂದು ದಿನವೂ ತಡ ಮಾಡದವನು ಮುಕ್ಕಾಲು ತಾಸಾದರೂ ಬಾರದ್ದನ್ನು ಕಂಡು, ಫೋನೂ ಎತ್ತದಿದ್ದಾಗ, ಸಾಹುಕಾರರು ಬೇರೆ ಏನು ತಾನೇ ತಿಳಿದಾರು? ನನ್ನನ್ನು ಕಂಡು ಅವರು ಎದೆ ಮೇಲೆ ಕೈ ಇಟ್ಟುಕೊಂಡು ಬಾಗಿಲು ತೆಗೆಸಿದರು. ಉಳಿದ ನೌಕರರು ಮಾತ್ರ ಇಡೀ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕೈಗೆ ಬಂದ ಒಂದು ದಿನದ ಸೂಟಿಯನ್ನು ನಾನು ಕಾಲೆಳೆದುಕೊಂಡು ಬಂದು ಕಸಿದುಕೊಂಡಿದ್ದೆ.

೩. ನನ್ನ ರಾಜೀನಾಮೆ

ನಾನೂ ಒಂದು ಸಲ ಕೆಲಸ ಬಿಟ್ಟಿದ್ದೇನೆ. ಇದನ್ನು ಬಹಳ ಜನ ನಂಬುವುದಿಲ್ಲ.

ಊರಲ್ಲಿ ಗಾಜಿನ ಬಾಗಿಲಿನ, ತಂಪು ಗಾಳಿಯ ದೊಡ್ಡ ಸೀರೆ ಅಂಗಡಿಯೊಂದು ಹೊಸದಾಗಿ ಆಯಿತು. ಸೀರೆ ಗೊತ್ತಿದ್ದವರು ಅವರಿಗೆ ಬೇಕಾಗಿದ್ದರು, ನನಗೆ ಹೇಳಿ ಕಳಿಸಿದರು. ಹೆಂಡತಿ ಮೂರು ದಿನ ಪಟ್ಟು ಹಿಡಿದಳು. ನಾಲ್ಕನೇ ದಿನ ನಾನು ಹೂಂ ಅಂದೆ.

ರಾಜೀನಾಮೆ ಬರೆಯುವುದರಲ್ಲಿ ನಮ್ಮ ಮನೆಯಲ್ಲೇ ಪಂಡಿತನಿದ್ದ. ನಾನು ಎರಡು ಪುಟ ಬರೆದದ್ದನ್ನು ಭಾವಮೈದುನ ನೋಡಿ ಹರಿದು ಹಾಕಿದ. ರಾಜೀನಾಮೆಯಲ್ಲಿ ಕಾರಣ ಬರೆಯಬಾರದಂತೆ, ಬರೀ ಕೃತಜ್ಞತೆ ಬರೆಯಬೇಕಂತೆ. ನಾಲ್ಕೇ ಸಾಲಿನಲ್ಲಿ ಅಚ್ಚುಕಟ್ಟಾಗಿ ಬರೆದುಕೊಟ್ಟ. ಕೊಡುವ ರೀತಿಯನ್ನೂ ಕಲಿಸಿದ. ನಿಂತೇ ಕೊಡಬೇಕು, ಕೂಡಬಾರದು. ಕೊಟ್ಟ ಮೇಲೆ ಮುಖ ನೋಡಬಾರದು. "ಮತ್ತ ಚಹಾ ಕೊಟ್ರ ಕುಡೀಬ್ಯಾಡ್ರಿ ಮಾಮಾ. ಚಹಾ ಕುಡದ್ರ ಮುಗೀತು" ಅಂದ. ಹೆಂಡತಿಯನ್ನು ಸಾಹುಕಾರರ ಜಾಗದಲ್ಲಿ ಕೂರಿಸಿ ಎರಡು ಸಲ ರೂಢಿ ಮಾಡಿಸಿದ.

ಮರುದಿನ ಸಾಹುಕಾರರ ಮುಂದೆ ನಿಂತು ಕಾಗದ ಚಾಚಿದೆ. ಅವರ ಓದುವ ಚಾಳೀಸು ಮನೆಯಲ್ಲಿ ಉಳಿದಿತ್ತು. ಕಾಗದವನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಕೊನೆಗೆ ಗಲ್ಲೆಯ ಮೇಲೆ ಇಟ್ಟರು. ಇಷ್ಟು ವರ್ಷದಲ್ಲಿ ನೀವು ನನಗೆ ಒಂದು ಕಾಗದ ಕೊಟ್ಟವರಲ್ಲ, ಮನೆಯಲ್ಲಿ ಏನೋ ದೊಡ್ಡ ಅಡಚಣೆಯೇ ಬಂದಿರಬೇಕು, ಎಷ್ಟು ದಿನ ಬೇಕು ಅಂದರು. ಹಾಗಲ್ಲ, ಸ್ವಲ್ಪ ತಡೆಯಿರಿ, ಹೇಳುತ್ತೇನೆ ಎಂಬ ಅರ್ಥದಲ್ಲಿ ಕೈ ಎತ್ತಿದೆ.

ಅವರು ನನ್ನ ಬೆರಳು ಎಣಿಸಿ, "ಐದು ದಿನಾ? ಆಗಲಿ ತೊಗೋರಿ" ಎಂದು ಕಾಗದದ ಕೆಳಗೆ ಏನೋ ಗೀಚಿ ಸಹಿ ಮಾಡಿ ಕೊಟ್ಟರು. ಅಷ್ಟರಲ್ಲಿ ಚಹಾ ಬಂತು. ಕುಡಿದೆ.

ಮನೆಗೆ ಬಂದು ಭಾವಮೈದುನನ ಕೈಗೆ ಕಾಗದ ಕೊಟ್ಟೆ. ಅವನು ಅದನ್ನು ಓದಿ, ಗೋಡೆಗೆ ಒರಗಿ, ನಿಧಾನವಾಗಿ ನೆಲಕ್ಕೆ ಕೂತ. 'ನನ್ನನ್ನು ಈ ಸೇವೆಯಿಂದ ಶಾಶ್ವತವಾಗಿ ಬಿಡುಗಡೆ ಮಾಡಬೇಕೆಂದು ವಿನಂತಿ' ಎಂಬ ಸಾಲಿನ ಕೆಳಗೆ ಸಾಹುಕಾರರು ಬರೆದಿದ್ದರು: 'ಮಂಜೂರು. ಸೋಮವಾರ ಹಾಜರಾಗತಕ್ಕದ್ದು.'

ಹಾಜರಾದೆ.

೪. ವಿಳಾಸ ಹುಡುಕಿದ ಸೋದರಮಾವ

ಭಾವಮೈದುನನಿಗೆ ಹೆಣ್ಣು ನೋಡಲು ತೊಡಗಿ ಮೂರು ವರ್ಷವಾಗಿತ್ತು. ಮೂರು ಸಂಬಂಧ ಮುರಿದಿದ್ದವು. ಮೂರಕ್ಕೂ ಒಂದೇ ಕಾರಣ. ಹುಡುಗನ ಕೆಲಸ ಪರ್ಮನೆಂಟೋ ಎಂದು ಅವರು ಕೇಳುವುದು, ನಾವು ಒಬ್ಬರ ಮುಖ ಒಬ್ಬರು ನೋಡುವುದು. ಹೆಂಡತಿ ತಮ್ಮನ ಚಿಂತೆಯಲ್ಲಿ ಅರ್ಧ ಆಗಿದ್ದಳು.

ನಾಲ್ಕನೆಯ ಸಂಬಂಧ ರಾಮದುರ್ಗದಿಂದ ಬಂತು. ಹುಡುಗಿ ಮನೆಯಲ್ಲೇ ಹೊಲಿಗೆ ಕ್ಲಾಸು ನಡೆಸುವವಳು, ಯಾರ ಕೈಕೆಳಗೂ ದುಡಿಯುವವಳಲ್ಲ. ತಂದೆ ಇರಲಿಲ್ಲ, ನೋಡಿಕೊಳ್ಳುವವರು ಸೋದರಮಾವ. ಆ ಸೋದರಮಾವ ಪೋಸ್ಟ್‌ಮನ್ ಆಗಿ ನಿವೃತ್ತರಾದವರು. ಹೇಳದೆ ಕೇಳದೆ ಹುಡುಗನ ಬಗ್ಗೆ ವಿಚಾರಿಸಬೇಕೆಂದು ಒಂದು ಬೆಳಿಗ್ಗೆ ಬಯೋಡೇಟಾ ಹಿಡಿದು ಹೊರಟರು. ನಾವು ಆ ಬಯೋಡೇಟಾ ಬರೆಸಿದ್ದು ಮೊದಲನೇ ಕೆಲಸದ ಕಾಲಕ್ಕೆ, ತಿದ್ದಿಸಿರಲಿಲ್ಲ. ಆದ್ದರಿಂದ ಅವರು ನೇರವಾಗಿ ಕಿತ್ತೂರಿಗೆ ಹೋದರು. ಶೋರೂಮಿನವರು, ಬಿಟ್ಟು ಬಹಳ ದಿನವಾಯಿತು, ಸವದತ್ತಿಯ ಲಾಡ್ಜಿನಲ್ಲಿ ಕೇಳಿ ಅಂದರು. ಸವದತ್ತಿಯವರು ರಾಮದುರ್ಗದ ಗೋದಾಮು ಹೇಳಿದರು. ಅದು ಸೋದರಮಾವನ ಮನೆಯಿಂದ ಎರಡು ಓಣಿ ಆಚೆ. ಅಲ್ಲಿಗೆ ಹೋದರೆ ಬೈಲಹೊಂಗಲದ ಸಾಲೆ ಎಂದರು. ಮರುದಿನ ಸಾಲೆಗೆ ಬಂದರೆ, ಮೊನ್ನೆಯೇ ಬಿಟ್ಟರು, ಅಕ್ಕನ ಮನೆಯಲ್ಲಿರಬೇಕು ಅಂದರು.

ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಬಂದಿದ್ದೆ. ಸೋದರಮಾವ ಬಾಗಿಲಲ್ಲಿ ನಿಂತರು. ಭಾವಮೈದುನ ಪಡಸಾಲೆಯಲ್ಲಿ ಬಾಯಿ ತೆರೆದು ಮಲಗಿದ್ದ. ಹೆಂಡತಿ ನೀರಿನ ತಂಬಿಗೆ ತಂದಿಟ್ಟಳು. ಇದೂ ಮುರಿಯಿತು ಎಂದು ನಾನು ತಲೆ ತಗ್ಗಿಸಿದೆ.

ಅವರು ನೀರು ಕುಡಿದು, ಕಾಲು ಒತ್ತಿಕೊಂಡು ಹೇಳಿದರು. "ನಮ್ಮ ಸರ್ವೀಸಿನ್ಯಾಗ ಇಂಥಾ ಆಸಾಮಿಗೆ ಪತ್ರ ಬಂದ್ರ, ಇಲ್ಲಿ ಇಲ್ಲ ಅಂತ ಬರದು ವಾಪಸ್ ಕಳಸ್ತಿದ್ವಿ. ಆದ್ರ ನಾಕೂ ಕಡೆ ಇವರ ಹೆಸರು ಹೇಳಿದ ಕೂಡ್ಲೆ ಖುರ್ಚಿ ಹಾಕಿ ಚಹಾ ಕುಡಿಸಿದ್ರು. ಒಬ್ಬರೂ ಕೆಟ್ಟ ಮಾತ ಆಡ್ಲಿಲ್ಲ. ಒಂದ ಕಡೆ ಇದ್ದವನ ಬಗ್ಗೆ ಒಬ್ಬರ ಹೇಳತಾರ, ಅದನ್ನ ಹೆಂಗ ನಂಬೂದು?"

ಹೀಗೆ ಹೇಳಿ ನನ್ನ ಕಡೆ ತಿರುಗಿ, ನೀವು ಎಷ್ಟು ಕಡೆ ಕೆಲಸ ಮಾಡಿದ್ದೀರಿ ಎಂದು ಕೇಳಿದರು. ಒಂದೇ ಕಡೆ ಅಂದೆ. ಅವರು ನನ್ನನ್ನು ಸ್ವಲ್ಪ ಅನುಮಾನದಿಂದಲೇ ನೋಡಿದರು.

ಹೆಣ್ಣು ನೋಡಲು ಹೋದಾಗ ನಿಜವಾದ ಪರೀಕ್ಷೆ ಆಯಿತು. ಹುಡುಗಿ ಚಹಾ ಕೊಟ್ಟು, ಒಳಗೆ ಹೋಗದೆ ಎದುರಿಗೇ ಕೂತಳು. ಕೆಲಸ ಬಿಡುವುದು ಇರಲಿ, ನಾಳೆ ನನ್ನನ್ನೂ ಹೀಗೇ ಬಿಟ್ಟರೆ ಏನು ಮಾಡಲಿ ಎಂದು ನೇರವಾಗಿ ಕೇಳಿದಳು. ಭಾವಮೈದುನ ಚಹಾದ ಬಸಿ ಕೆಳಗಿಟ್ಟ.

"ಕೆಲಸಾ ಹುಡುಕಾಕ ನನಗ ಎಂಟ ದಿನ ಸಾಕು" ಅಂದ. "ನಿಮ್ಮ ತನಕಾ ಬರಾಕ ಮೂರು ವರ್ಷ ಹಿಡೀತು. ಮತ್ತ ಅಷ್ಟ ತ್ರಾಸು ತೊಗೊಳ್ಳೂ ಶಕ್ತಿ ನನಗ ಇಲ್ರಿ."

ಹುಡುಗಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಸುಳ್ಳು ಹೇಳುವವರಲ್ಲ, ಆಗಲಿ ಅಂದಳು. ಸೋದರಮಾವ ತಕ್ಷಣ ಕೇಳಿದ್ದು ಒಂದೇ ಪ್ರಶ್ನೆ: ಲಗ್ನಪತ್ರಿಕೆಯಲ್ಲಿ ಹುಡುಗನ ಉದ್ಯೋಗದ ಜಾಗ ಖಾಲಿ ಬಿಡೋಣವೋ, ಪೆನ್ಸಿಲಿನಲ್ಲಿ ಬರೆಯೋಣವೋ?

೫. ಅತಿ ನಿಷ್ಠಾವಂತ ನೌಕರ

ಸಾಲೆ ಬಿಟ್ಟ ಎಂಟು ದಿನದೊಳಗೆ ಒಂದು, ಮದುವೆಯಾದ ಮೇಲೆ ಒಂದು, ಭಾವಮೈದುನ ಇನ್ನೆರಡು ಕೆಲಸ ನೋಡಿದ. ಕಿತ್ತೂರಿನಲ್ಲಿ ಒಂದು ಹೋಟೆಲು, ಸವದತ್ತಿಯಲ್ಲಿ ಒಂದು ಪೆಟ್ರೋಲ್ ಪಂಪು. ಅಷ್ಟರಲ್ಲಿ ನನ್ನ ಕಡೆಯೂ ಒಂದು ಬದಲಾವಣೆ ಆಯಿತು. ನಮ್ಮ ಸಾಹುಕಾರರಿಗೆ ವಯಸ್ಸಾಗಿ, ಅಂಗಡಿಯನ್ನು ಬೆಳಗಾವಿಯ ದೊಡ್ಡ ಕಂಪನಿಯೊಂದಕ್ಕೆ ಮಾರಿದರು. ನಾನು ಗಾದಿಯಿಂದ ಏಳಲಿಲ್ಲ. ಗಾದಿಯೇ ಒಬ್ಬ ಮಾಲೀಕರನ್ನು ಬಿಟ್ಟು ಇನ್ನೊಬ್ಬರ ಕಡೆ ಹೋಯಿತು.

ಐದು ತಿಂಗಳ ಮೇಲೆ ಕಂಪನಿಯವರು ನಮ್ಮೂರಿನ ಕಲ್ಯಾಣ ಮಂಟಪದಲ್ಲಿ ತಮ್ಮ ಎಲ್ಲ ಶಾಖೆಗಳ ನೌಕರರ ಸಮಾರಂಭ ಇಟ್ಟರು. 'ಅತಿ ನಿಷ್ಠಾವಂತ ನೌಕರ' ಎಂಬ ಪ್ರಶಸ್ತಿ ಇದೆ ಎಂದು ಗೊತ್ತಾದಾಗಿನಿಂದ ಅಂಗಡಿಯವರೆಲ್ಲ ನನ್ನ ಕೈ ಕುಲುಕತೊಡಗಿದರು. ಹೆಂಡತಿ ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿದಳು. ನಾನು ನಾಲ್ಕು ಮಾತಿನ ಭಾಷಣ ಬಾಯಿಪಾಠ ಮಾಡಿಕೊಂಡು ಮೊದಲನೇ ಸಾಲಿನಲ್ಲಿ ಕೂತೆ. ಹೆಸರು ಕೂಗಿದರು. ನಾನು ಅರ್ಧ ಎದ್ದೆ. ಹೆಸರು ಭಾವಮೈದುನನದು. ಪಂಪಿನವರೆಲ್ಲರ ಜೊತೆ ಅವನೂ ಬಂದು ಹಿಂದೆ ಕೂತಿದ್ದ.

ಆಗ ಗೊತ್ತಾಯಿತು. ಶೋರೂಮು, ಲಾಡ್ಜು, ಗೋದಾಮು, ಸಾಲೆ, ಹೋಟೆಲು, ಪಂಪು, ಆರಕ್ಕೆ ಆರೂ ಆ ಕಂಪನಿಯವೇ. ಬೋರ್ಡು ಮಾತ್ರ ಬೇರೆ ಬೇರೆ. ಅವರ ಕಂಪ್ಯೂಟರಿನ ಪ್ರಕಾರ ಅವನು ಐದು ವರ್ಷ ನಡುವೆ ಎಂಟು ದಿನಕ್ಕಿಂತ ಹೆಚ್ಚು ಬಿಡುವು ಕೊಡದೆ ಒಂದೇ ಕಂಪನಿಗೆ ದುಡಿದಿದ್ದ. ಅಷ್ಟು ದಿನ ನಿಂತವರು ಅವರಲ್ಲಿ ಬೇರೆ ಯಾರೂ ಇರಲಿಲ್ಲ; ಫೋಟೋದ ನಡುವೆ ನಿಲ್ಲುತ್ತಿದ್ದ ಶೋರೂಮಿನ ಹಿರಿಯನೂ ಬಿಟ್ಟು ಹೋಗಿದ್ದ. ವೇದಿಕೆಯ ಮೇಲೆ ಈ ಮಾತು ಕೇಳುತ್ತಿದ್ದ ಹಾಗೆ ಅವನ ಮುಖ ಕಪ್ಪಿಟ್ಟಿತು. ಇಳಿದು ಬಂದು ನನ್ನ ಪಕ್ಕ ಕೂತು, "ಐದು ವರ್ಷ ಒಂದ ಕಡೆ ಕಳದ್ನಲ್ಲ ಮಾಮಾ, ಗೊತ್ತ ಆಗ್ಲಿಲ್ಲ ನನಗ" ಅಂದ. ಅವನನ್ನು ಸಮಾಧಾನ ಮಾಡುವುದೇ ನನ್ನ ಪಾಲಿಗೆ ಬಂತು.

ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿಯ ಹತ್ತಿರ ಹೋಗಿ ನನ್ನ ಹೆಸರಿನ ಮುಂದೆ ಏನಿದೆ ನೋಡು ತಾಯಿ ಅಂದೆ. ಅವಳು ಬಹಳ ಮರ್ಯಾದೆಯಿಂದ, ನೀವು ಸೇರಿ ಐದು ತಿಂಗಳಾಯಿತು, ಹೊಸಬರಿಗೆ ಆರು ತಿಂಗಳು ಪ್ರೊಬೇಷನ್, ಅಂದರೆ ನಿಮಗೆ ಕೆಲಸ ಬರುತ್ತದೋ ಇಲ್ಲವೋ ಎಂದು ನೋಡುತ್ತೇವೆ, ಮನಸ್ಸಿಟ್ಟು ಕಲಿಯಿರಿ ಅಂದಳು.

ನಾಲ್ಕೂ ತಾಲೂಕಿನ ಎಲ್ಲ ಶಾಖೆ ಬಲ್ಲವನು ಇವನೊಬ್ಬನೇ ಎಂದು ಕಂಪನಿಯವರು ಭಾವಮೈದುನನನ್ನು ನೌಕರರ ವಿಭಾಗದ ಸಾಹೇಬನನ್ನಾಗಿ ಮಾಡಿದರು. ಹೊಸಬರನ್ನು ಪರೀಕ್ಷಿಸಿ ಕಾಯಂ ಮಾಡುವುದು ಅವನ ಮೊದಲ ಕೆಲಸ. ಟೈ ಕಟ್ಟಿಕೊಂಡು ಅಂಗಡಿಗೆ ಬಂದ. ನನ್ನನ್ನು ಎದುರಿಗೆ ಕೂರಿಸಿಕೊಂಡ. ಮನೆ ಬೇರೆ, ಆಫೀಸು ಬೇರೆ, ತಪ್ಪು ತಿಳಿಯಬೇಡಿ ಎಂದು ಪಿಸುಗುಟ್ಟಿ ಫಾರ್ಮು ತೆಗೆದ.

ಹಿಂದಿನ ಅನುಭವ ಕೇಳಿದ. ಇದೇ ಅಂಗಡಿ, ಮೂವತ್ತೊಂದು ವರ್ಷ ಅಂದೆ. ಹಿಂದಿನ ಜಾಗ, ಈಗಿನ ಜಾಗ ಒಂದೇ ಇದ್ದರೆ ಬರೆಯಲು ಆ ಫಾರ್ಮಿನಲ್ಲಿ ಕಾಲಮ್ಮೇ ಇರಲಿಲ್ಲ; 'ಅನುಭವ ಇಲ್ಲ' ಎಂದು ಬರೆದ. ಐದು ವರ್ಷದ ಮೇಲೆ ಎಲ್ಲಿ ಇರಬೇಕೆಂದಿದ್ದೀರಿ ಎಂದು ಕೇಳಿದ. ನಾನು ಗಾದಿ ಮುಟ್ಟಿ ತೋರಿಸಿ ಇಲ್ಲೇ ಅಂದೆ. ಅವನು ಮರುಕದಿಂದ ನನ್ನನ್ನು ನೋಡಿ, ಬಹಳ ಹೊತ್ತು ಬರೆದ. ಬಗ್ಗಿ ನೋಡಿದೆ: 'ಮಹತ್ವಾಕಾಂಕ್ಷೆ ಕಡಿಮೆ. ಇನ್ನೂ ಆರು ತಿಂಗಳು ನೋಡಬಹುದು.'

ಆ ದಿನ ಮನೆಯಲ್ಲಿ ಅಕ್ಕ ಅವನಿಗೆ ರೊಟ್ಟಿ ಬಡಿಸಲಿಲ್ಲ. ಕೊನೆಗೆ ಅವನು ಸೋತು, ಸೋಮವಾರ ಬೇರೆ ಫಾರ್ಮು ತಂದು ನನ್ನನ್ನು ಕಾಯಂ ಮಾಡಿ ಸಹಿ ಹಾಕುತ್ತೇನೆ ಎಂದು ಒಪ್ಪಿಕೊಂಡ. ಸೋಮವಾರ ನಾನು ಬೆಳಿಗ್ಗೆಯಿಂದ ಬಾಗಿಲು ನೋಡುತ್ತಾ ಕೂತೆ. ಮಧ್ಯಾಹ್ನ ಫೋನು ಬಂತು.

"ಮಾಮಾ, ಆ ಕೆಲಸಾ ಬಿಟ್ಟೆ. ಈ ಸಲ ಎರಡೆರಡ ಸಲ ವಿಚಾರಿಸಿ, ಆ ಕಂಪನಿದು ಅಲ್ಲ ಅಂತ ಖಾತ್ರಿ ಮಾಡಕೊಂಡ ಬ್ಯಾರೆ ಕಡೆ ಸೇರೇನಿ."

ಪರೀಕ್ಷೆ ಮಾಡಿದವರೇ ಸಹಿ ಹಾಕಬೇಕೆಂಬುದು ಕಂಪನಿಯ ನಿಯಮ. ಆ ಕುರ್ಚಿಗೆ ಬಂದವರು ಯಾರೂ ನನ್ನ ಫಾರ್ಮು ಸಿಗುವ ತನಕ ನಿಲ್ಲುತ್ತಿಲ್ಲ. ಈಗ ಮೂವತ್ತೆರಡನೇ ವರ್ಷ ನಡೆದಿದೆ. ನಾನಿನ್ನೂ ಪ್ರೊಬೇಷನ್ನಿನಲ್ಲೇ ಇದ್ದೇನೆ. ಹೆಂಡತಿ ಮಾತ್ರ ಬಂದವರ ಮುಂದೆ ಹೇಳುತ್ತಾಳೆ, ನಮ್ಮವರು ಹೊಸದಾಗಿ ಒಂದು ಕಂಪನಿ ಸೇರಿದ್ದಾರೆ, ನೋಡಬೇಕು, ಹಿಡಿಸಿದರೆ ಇರುತ್ತಾರೆ.